ಹೆಚ್ಚಾಯಿತೆಂದು ಅಳಿಸಿದ ಎರಡು ಫ್ಲ್ಯಾಟು

ಸಂಗೀತ ಬರೆಯಲು ನಾನು ಬಳಸುವ ಸಾಫ್ಟ್‌ವೇರಿನಲ್ಲಿ ಸೌಜನ್ಯಕ್ಕೆಂದೇ ಒಂದು ಪುಟ್ಟ ಚೌಕವಿದೆ. ಅದರೊಳಗೆ ಟಿಕ್ ಹಾಕಿದರೆ ಸೌಜನ್ಯ ಇರುತ್ತದೆ, ತೆಗೆದರೆ ಹೋಗುತ್ತದೆ. ಇಷ್ಟು ಸುಲಭದ ವ್ಯವಸ್ಥೆ ಮನುಷ್ಯರಿಗಿಲ್ಲವಲ್ಲ ಎಂಬುದು ನನ್ನ ಹಳೆಯ ಬೇಸರ. ಇದ್ದಿದ್ದರೆ ನನ್ನ ಅಂಗಡಿಗೆ ಆಧಾರ್ ಕಾರ್ಡಿನ ಜೆರಾಕ್ಸಿಗೆಂದು ಬರುವ ಕೆಲವರಿಗೆ ನಾನೇ ಟಿಕ್ ಹಾಕಿ ಕಳಿಸುತ್ತಿದ್ದೆ.

ಮೊನ್ನೆ ಬೇರೇನೋ ಹುಡುಕುವಾಗ ಆ ಚೌಕ ಕಣ್ಣಿಗೆ ಬಿತ್ತು. ಅದರ ಟಿಕ್ಕನ್ನು ಒಮ್ಮೆ ನಾನು ತೆಗೆದಿದ್ದೆ, ಆಮೇಲೆ ಮತ್ತೆ ಹಾಕಿದ್ದೆ. ತೆಗೆದದ್ದಕ್ಕೂ ಹಾಕಿದ್ದಕ್ಕೂ ನಡುವೆ ಏನೇನಾಯಿತು ಎಂಬುದನ್ನು ಯಾರಿಗಾದರೂ ಹೇಳಬೇಕೆನ್ನಿಸಿದೆ. ಮನೆಯಲ್ಲಿ ಹೇಳಿ ಆಗಿದೆ, ಎರಡು ಸಲ. ಈಗ ಉಳಿದಿರುವವರು ನೀವು.

ನನಗೂ ಸಂಗೀತಕ್ಕೂ ಸಂಬಂಧವಿಲ್ಲ ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ. ಶಾಲೆಯಲ್ಲಿ ಪ್ರಾರ್ಥನೆಗೆ ನಿಂತಾಗ ನಮ್ಮ ಮೇಷ್ಟ್ರು ನನ್ನ ಹತ್ತಿರ ಬಂದು, ‘ಶಂಕ್ರ, ನೀನು ತುಟಿ ಮಾತ್ರ ಆಡ್ಸು ಸಾಕು’ ಎಂದಿದ್ದರು. ನಾನು ಏಳನೇ ಕ್ಲಾಸಿನವರೆಗೂ ತುಟಿ ಮಾತ್ರ ಆಡಿಸಿದೆ. ಈಗ ಮೂಡಿಗೆರೆಯಲ್ಲಿ ನನ್ನದೊಂದು ಜೆರಾಕ್ಸ್ ಮತ್ತು ಡಿಟಿಪಿ ಅಂಗಡಿ. ಮದುವೆಯ ಕಾರ್ಡು, ಶ್ರದ್ಧಾಂಜಲಿಯ ಪೋಸ್ಟರು, ಕಳೆದುಹೋದ ನಾಯಿಯ ಫೋಟೋ ಎಲ್ಲವನ್ನೂ ಒಂದೇ ಮುಖಭಾವದಲ್ಲಿ ಮಾಡಿಕೊಡುತ್ತೇನೆ.

ನನ್ನ ವೃತ್ತಿಯಲ್ಲಿ ನನಗಿರುವ ಒಂದೇ ಹೆಮ್ಮೆ ಎಂದರೆ ತಿದ್ದುವುದು. ಹೆಚ್ಚಾಗಿರುವುದನ್ನು ಕಂಡರೆ ನನ್ನ ಕೈ ತಡೆಯುವುದಿಲ್ಲ. ಮದುವೆಯ ಕಾರ್ಡಿನಲ್ಲಿ ‘ಶ್ರೀ’ ಎರಡು ಸಲ ಬಂದಿದ್ದರೆ ಒಂದನ್ನು ತೆಗೆಯುತ್ತೇನೆ. ಒಮ್ಮೆ ಸಂಸೆಯ ಒಂದು ಮನೆಯವರ ಕಾರ್ಡಿನಲ್ಲಿ ಆಗಮನ ಬಯಸುವವರ ಸಾಲಿನಲ್ಲಿ ‘ಮಂಜುನಾಥ’ ಎಂದು ಎರಡು ಸಲ ಇತ್ತು. ಯಾರೋ ಗಡಿಬಿಡಿಯಲ್ಲಿ ಬರೆದಿದ್ದಾರೆಂದು ಒಂದನ್ನು ತೆಗೆದೆ. ಅವರು ಇಬ್ಬರು ಮಂಜುನಾಥರು, ಅಣ್ಣತಮ್ಮಂದಿರ ಮಕ್ಕಳು. ಯಾವ ಮಂಜುನಾಥನನ್ನು ತೆಗೆದದ್ದು ಎಂದು ಇಬ್ಬರೂ ನನ್ನ ಅಂಗಡಿಗೇ ಬಂದು ಕೇಳಿದರು. ನನಗೆ ನೆನಪಿಲ್ಲ ಎಂದೆ. ಆ ಮದುವೆಗೆ ಇಬ್ಬರೂ ಹೋಗಲಿಲ್ಲವೆಂದು ಕೇಳಿದ್ದೇನೆ.

ಇಂಥ ನನ್ನ ಕೈಗೆ ಸಂಗೀತ ಬಂದದ್ದು ಖಾದರ್ ಮಾಸ್ಟ್ರಿಂದ. ಹ್ಯಾಂಡ್‌ಪೋಸ್ಟ್ ಎಂಬ ಕೂಡುರಸ್ತೆಯ ಹತ್ತಿರ ಅವರ ಜೀಪ್ ಗ್ಯಾರೇಜ್ ಇದೆ. ಉಳಿದ ದಿನ ಜೀಪು, ಮದುವೆಯ ದಿನ ಬ್ಯಾಂಡು. ಕಾಫಿ ಕೊಯ್ಲು ಮುಗಿದು ಮದುವೆಗಳು ಶುರುವಾದರೆ ನಮ್ಮ ಕಡೆಯ ಅರ್ಧ ಜೀಪುಗಳು ರಿಪೇರಿಯಿಲ್ಲದೆ ನಿಂತಿರುತ್ತಿದ್ದವು. ಮೂಡಿಗೆರೆಯಿಂದ ಕಳಸದವರೆಗೆ ನನ್ನ ವಯಸ್ಸಿನ ಬಹಳ ಮಂದಿ ಮದುವೆಯಾದದ್ದು ಅವರ ಕ್ಲಾರಿನೆಟ್ಟಿನ ಹಿಂದೆ ನಡೆದು. ನಾನೂ ಹಾಗೇ ಆದೆ. ಆಮೇಲೆ ಆದದ್ದಕ್ಕೆಲ್ಲ ಮಾಸ್ಟ್ರನ್ನು ದೂರುವಂತಿಲ್ಲ.

ಮಾಸ್ಟ್ರಿಗೆ ಇಂಗ್ಲಿಷ್ ಬ್ಯಾಂಡಿನವರ ಹಾಗೆ ಐದು ಗೆರೆಯ ಮೇಲೆ ಸ್ವರ ಬರೆಯಲು ಬರುತ್ತದೆ. ಹರೆಯದಲ್ಲಿ ಚಿಕ್ಕಮಗಳೂರಿನಲ್ಲಿ ಮಿಲಿಟರಿ ಬ್ಯಾಂಡಿನಿಂದ ನಿವೃತ್ತರಾದ ಒಬ್ಬರ ಹತ್ತಿರ ಕಲಿತರಂತೆ. ಯಾವುದೋ ಎಸ್ಟೇಟಿನವರು ಬೇಡವೆಂದು ಬಿಟ್ಟ ಹಾಜರಿ ಪುಸ್ತಕವೊಂದರಲ್ಲಿ, ಕೂಲಿಯವರ ಹೆಸರು ಬರೆಯಬೇಕಾದ ಜಾಗದಲ್ಲಿ, ಅವರು ಕೈಯಿಂದ ಐದೈದು ಗೆರೆ ಎಳೆದು ತಮ್ಮ ಟ್ಯೂನುಗಳನ್ನೆಲ್ಲ ಬರೆದಿಟ್ಟಿದ್ದರು. ಪುಟದ ಅಂಚಿನಲ್ಲಿ ಅಲ್ಲಲ್ಲಿ ಗ್ರೀಸಿನ ಬೆರಳಚ್ಚು ಇತ್ತು.

ಅವರ ಮಗಳು ರುಬೀನಾ ಬಿ.ಕಾಂ. ಮುಗಿಸಿದವಳು. ಕ್ಲಾರಿನೆಟ್ಟನ್ನು ಗ್ಯಾರೇಜಿನ ಟೈರಿನ ಮೇಲೆ ಕೂತು ಅಪ್ಪನಿಂದ ಕಲಿತಿದ್ದಳು. ಹೋದ ವರ್ಷ ಬೇರೆ ಊರಿನ ಒಂದು ದೊಡ್ಡ ಬ್ಯಾಂಡಿಗೆ ಕ್ಲಾರಿನೆಟ್ ಬಾರಿಸುವವರು ಬೇಕೆಂದು ಅರ್ಜಿ ಕರೆದಿದ್ದರು. ತಿಂಗಳ ಸಂಬಳದ, ಖಾಯಂ ಕೆಲಸ. ಬ್ಯಾಂಡಿನ ಹೆಸರು ಬೇಡ, ಅವರ ಮನಸ್ಸು ಯಾಕೆ ನೋಯಿಸುವುದು. ಪರೀಕ್ಷೆಗೆ ಬರುವವರು ತಮ್ಮ ಊರಿನದೇ ಆದ ಒಂದು ಟ್ಯೂನ್ ಬಾರಿಸಬೇಕು, ಸಿನಿಮಾ ಹಾಡು ಆಗದು, ಅದರ ಪ್ರಿಂಟಾದ ಸ್ವರಪ್ರತಿ ಎರಡು ಮುಂಚೆಯೇ ಕಳಿಸಬೇಕು. ರುಬೀನಾ ಹಾಜರಿ ಪುಸ್ತಕವನ್ನು ತಂದು ನನ್ನ ಟೇಬಲ್ಲಿನ ಮೇಲಿಟ್ಟಳು.

‘ಅಂಕಲ್, ಏರಿನ ಟ್ಯೂನ್ ಪ್ರಿಂಟ್ ಮಾಡ್ಕೊಡಿ.’

‘ನಂಗೆ ಸಂಗೀತ ಬರಲ್ವಲ್ಲಮ್ಮ.’

‘ನಿಮ್ಗೆ ಬರೋದು ಬೇಡ, ಕಂಪ್ಯೂಟರಿಗೆ ಬಂದ್ರೆ ಸಾಕು.’

ಏರಿನ ಟ್ಯೂನ್ ಎಂದರೆ ನಮ್ಮೂರಿನವರಿಗೆ ವಿವರಿಸಬೇಕಿಲ್ಲ, ನಿಮಗೆ ಹೇಳುತ್ತೇನೆ. ಬಸ್‌ಸ್ಟ್ಯಾಂಡಿನಿಂದ ಮದುವೆ ಛತ್ರಕ್ಕೆ ದಿಬ್ಬಣ ಹೋಗುವ ದಾರಿ ಪೂರ್ತಿ ಏರು. ಆ ಏರಿಗೆಂದೇ ಮಾಸ್ಟ್ರು ಒಂದು ಟ್ಯೂನ್ ಕಟ್ಟಿದ್ದರು. ದಾರಿ ಅತಿ ಕಡಿದಾಗುವ ಕಡೆ ಡ್ರಮ್ಮುಗಳೆಲ್ಲ ನಿಂತುಬಿಡುತ್ತಿದ್ದವು. ಆಗ ಮಾಸ್ಟ್ರ ಕ್ಲಾರಿನೆಟ್ಟಿನಿಂದ ಒಂದೇ ಒಂದು ಸ್ವರ, ಸ್ವಲ್ಪ ತಗ್ಗಿದ, ದುಃಖವೋ ಸುಖವೋ ತಿಳಿಯದ ಸ್ವರ, ಎಲ್ಲೂ ಮುರಿಯದೆ ಏರಿನ ತುದಿಯವರೆಗೆ ಬರುತ್ತಿತ್ತು. ದಿಬ್ಬಣದವರು ಏದುಸಿರು ಬಿಡುತ್ತಾ ಹತ್ತುತ್ತಿದ್ದರೆ ಇವರು ಉಸಿರನ್ನೇ ಬಿಡುತ್ತಿರಲಿಲ್ಲ. ಪಂದ್ಯ ಕಟ್ಟಿದ ಹಾಗೆ ತಾವೂ ಉಸಿರು ಹಿಡಿದು ನಡೆದ ಗಂಡಸರು ಅರ್ಧ ದಾರಿಯಲ್ಲಿ ಕೆಮ್ಮಿ ನಿಲ್ಲುತ್ತಿದ್ದರು. ‘ಖಾದರ್ ಮಾಸ್ಟ್ರ ಎದೇಲಿ ಜೀಪಿನ ಟ್ಯೂಬ್ ಇದೆ ಮಾರಾಯ’ ಎಂಬುದು ಊರಿನ ತೀರ್ಮಾನವಾಗಿತ್ತು. ಹೊರಗಿನಿಂದ ಬಂದವರಿಗೆ ದೇವರಮನೆಯ ಗುಡ್ಡ ತೋರಿಸಿದ ಮೇಲೆ ನಾವು ಹೇಳುತ್ತಿದ್ದ ಎರಡನೆಯ ವಿಷಯ ಅದೇ.

ಆ ಬ್ಯಾಂಡಿನಲ್ಲಿ ನನ್ನ ಅಪ್ಪ ರುದ್ರಪ್ಪನವರೂ ಇದ್ದರು. ಇದನ್ನು ನಾನು ಸಾಮಾನ್ಯವಾಗಿ ಹೇಳುವುದಿಲ್ಲ. ಅವರದು ದಿನಸಿ ಅಂಗಡಿ. ಅಂಗಡಿಯ ತುಂಬ ಬೆಲ್ಲ, ಒಣಮೀನೊಂದನ್ನು ಬಿಟ್ಟು ಉಳಿದೆಲ್ಲವೂ, ಮತ್ತು ಇರುವೆ. ಮೂರು ಬೆರಳಿನ ವಿಭೂತಿ ಹಚ್ಚಿ ಪೂಜೆ ಮಾಡಿ ಅಂಗಡಿಯ ಬಾಗಿಲು ತೆರೆಯುವ ಮನುಷ್ಯ, ಮದುವೆಯ ದಿನ ಅದೇ ವಿಭೂತಿಯ ಮೇಲೆ ಬ್ಯಾಂಡಿನ ಟೋಪಿ ಇಟ್ಟುಕೊಂಡು ಹೊರಡುತ್ತಿದ್ದರು. ಅವರ ಕೆಂಪು ಕೋಟನ್ನು ಅವರಿಗಿಂತ ಮೊದಲು ಇದ್ದ ಯಾರೋ ದಪ್ಪನೆಯವರಿಗೆ ಹೊಲಿಸಿದ್ದರಿಂದ ಅದರೊಳಗೆ ಅಪ್ಪ ಅಲ್ಲಾಡುತ್ತಿದ್ದರು. ಕ್ಲಾರಿನೆಟ್ಟನ್ನು ಮನೆಗೆ ತರಕೂಡದೆಂದು ಅಮ್ಮ ಹೇಳಿದ್ದರಿಂದ ಅದು ಗ್ಯಾರೇಜಿನಲ್ಲೇ ಇರುತ್ತಿತ್ತು.

ಅವರು ಎರಡನೇ ಕ್ಲಾರಿನೆಟ್. ಮಾಸ್ಟ್ರ ಹಿಂದೆ ಎರಡು ಹೆಜ್ಜೆ ಬಿಟ್ಟು ನಡೆಯುತ್ತಿದ್ದರು. ಅವರ ಕ್ಲಾರಿನೆಟ್ಟಿನ ಸದ್ದನ್ನು ನಾನು ಒಂದು ದಿನವೂ ಕೇಳಿದವನಲ್ಲ. ಡ್ರಮ್ಮಿನ ಗದ್ದಲದಲ್ಲಿ ಕೇಳದಿರುವುದು ಸರಿ, ಆದರೆ ಡ್ರಮ್ಮು ನಿಂತಾಗಲೂ ಕೇಳುತ್ತಿದ್ದದ್ದು ಮಾಸ್ಟ್ರ ಸ್ವರ ಮಾತ್ರ. ‘ರುದ್ರಪ್ಪನೋರು ಸುಮ್ನೆ ಹಿಡ್ಕೊಂಡು ನಡೀತಾರೆ’ ಎಂದು ಊರವರು ನಗುತ್ತಿದ್ದರು. ಕ್ಲಾಸಿನ ಹುಡುಗರು ನನ್ನ ಮುಂದೆ ಪೆನ್ಸಿಲನ್ನು ಬಾಯಿಗಿಟ್ಟುಕೊಂಡು ಕೆನ್ನೆ ಉಬ್ಬಿಸಿ ನಡೆದು ತೋರಿಸುತ್ತಿದ್ದರು. ಅಪ್ಪನ ಪರವಾಗಿ ಜಗಳವಾಡಿದೆ ಎಂದು ಬರೆಯಲು ನನಗೂ ಇಷ್ಟವೇ. ಆದರೆ ನಾನೂ ಅವರ ಜೊತೆ ನಗುತ್ತಿದ್ದೆ, ಒಮ್ಮೆ ಪೆನ್ಸಿಲನ್ನೂ ಕೊಟ್ಟಿದ್ದೆ.

ಅಪ್ಪ ತೀರಿಕೊಂಡು ಬಹಳ ವರ್ಷವಾಯಿತು. ಅಲ್ಲಿಂದೀಚೆಗೆ ಮಾಸ್ಟ್ರು ಏರಿನ ಟ್ಯೂನ್ ಬಾರಿಸಲಿಲ್ಲ. ಮುಂದಿನ ಹಲ್ಲು ಹೋಗಿದೆ ಎಂದರು. ಹಲ್ಲು ನಿಜವಾಗಿಯೂ ಹೋಗಿತ್ತು, ಹಾಗಾಗಿ ಯಾರೂ ಹೆಚ್ಚು ಕೇಳಲಿಲ್ಲ.

ಇಷ್ಟಾದ ಮೇಲೆ ಸಾಫ್ಟ್‌ವೇರಿನ ವಿಷಯಕ್ಕೆ ಬರುತ್ತೇನೆ. ಹದಿನೈದು ದಿನ ಗ್ರಾಹಕರಿಲ್ಲದ ಹೊತ್ತಿನಲ್ಲಿ ಕೂತು ಕಲಿತೆ. ತೋರಿಸಿಕೊಟ್ಟವಳು ರುಬೀನಾ. ಉದ್ದಗೆರೆಗಳನ್ನು ಅಲ್ಲಲ್ಲಿ ಅಡ್ಡಗೆರೆ ಕಡಿಯುತ್ತದೆ. ಎರಡು ಅಡ್ಡಗೆರೆಗಳ ನಡುವಿನ ಜಾಗಕ್ಕೆ ಮಾಸ್ಟ್ರೂ ಮಗಳೂ ‘ಮನೆ’ ಎನ್ನುತ್ತಾರೆ. ಸ್ವರವನ್ನು ಅರ್ಧ ಮೆಟ್ಟಿಲು ತಗ್ಗಿಸುವ ಗುರುತಿಗೆ ಫ್ಲ್ಯಾಟ್ ಎಂದು ಹೆಸರು. ನಾವಿಬ್ಬರೂ ನಾಲ್ಕನೇ ಮನೆ, ಫ್ಲ್ಯಾಟ್ ಎಂದು ಮಾತಾಡುವುದನ್ನು ಕೇಳಿ ಬಾಡಿಗೆ ಎಷ್ಟೆಂದು ವಿಚಾರಿಸಿದವರೊಬ್ಬರು ಇದ್ದಾರೆ. ಫ್ಲ್ಯಾಟಿನ ಅಧಿಕಾರ ಒಂದು ಮನೆಗೆ ಮಾತ್ರ. ಅಡ್ಡಗೆರೆ ದಾಟಿ ಪಕ್ಕದ ಮನೆಗೆ ಹೋದರೆ ಅದರ ಮಾತು ನಡೆಯುವುದಿಲ್ಲ, ಅಲ್ಲಿ ಮತ್ತೆ ಹೊಸದಾಗಿ ಫ್ಲ್ಯಾಟ್ ಹಾಕಬೇಕು.

ಆದರೂ ಓದುವವನಿಗೆ ಗಲಿಬಿಲಿಯಾಗಬಾರದೆಂದು, ಪಕ್ಕದ ಮನೆಯಲ್ಲಿ ‘ಇಲ್ಲಿ ಫ್ಲ್ಯಾಟ್ ಇಲ್ಲ, ನಿಮಗೆ ಗೊತ್ತೇ ಇದೆ, ಆದರೂ’ ಎಂದು ನೆನಪಿಸುವ ಗುರುತೊಂದನ್ನು ಸಾಫ್ಟ್‌ವೇರ್ ಕಂಸದೊಳಗೆ ಹಾಕುತ್ತದೆ. ಆಗಲೇ ಹೇಳಿದ ಸೌಜನ್ಯ ಅದೇ. ನಮ್ಮ ಕಡೆ ಬಂದವರಿಗೆ ‘ಕಾಫಿ ಕುಡೀರಿ’ ಎನ್ನುತ್ತೇವೆ, ಅವರು ‘ಈಗಷ್ಟೇ ಆಯ್ತು’ ಎನ್ನುತ್ತಾರೆ. ಕಾಫಿ ಬರುತ್ತದೆ, ಅವರು ಕುಡಿಯುತ್ತಾರೆ ಎಂಬುದು ಇಬ್ಬರಿಗೂ ಗೊತ್ತು, ಆದರೂ ಮೂರು ಸಲ ಹೇಳಿಯೇ ಆಗಬೇಕು. ಸಮಾಜದಲ್ಲಿ ಇದು ಇರಲಿ, ಪ್ರಿಂಟಿನಲ್ಲಿ ಯಾಕೆ ಎನ್ನುವುದು ನನ್ನ ವಾದ. ಟಿಕ್ ತೆಗೆದೆ. ಕಾಗದ ನೋಡಲು ಎಷ್ಟೋ ಚೊಕ್ಕಟವಾಯಿತು.

ಇನ್ನು ಬಾಗಿದ ಗೆರೆ. ಒಂದು ಸ್ವರದಿಂದ ಇನ್ನೊಂದಕ್ಕೆ ಎಳೆದ ಈ ಗೆರೆಗಳಲ್ಲಿ ಎರಡು ಜಾತಿ. ಟೈ ಎಂಬುದು ಒಂದೇ ಸ್ವರದ ಎರಡು ತುಂಡನ್ನು ಸೇರಿಸಿ ಒಂದೇ ಉದ್ದ ಸ್ವರ ಮಾಡುತ್ತದೆ. ಸ್ಲರ್ ಎಂಬುದು ಬೇರೆಬೇರೆ ಸ್ವರಗಳನ್ನು ಜಾರಿಸಿಕೊಂಡು ಹೋಗುತ್ತದೆ. ಎರಡೂ ನೋಡಲು ಹೆಚ್ಚುಕಡಿಮೆ ಒಂದೇ ಹಾಗಿರುವುದರಿಂದ ನಾನು ಎರಡನ್ನೂ ಒಂದೇ ಎಂದುಕೊಂಡು ಇಡೀ ಟ್ಯೂನಿಗೆ ಸ್ಲರ್ ಹಾಕಿ ಮುಗಿಸಿದೆ. ಆಮೇಲೆ ಕಂಪ್ಯೂಟರಿನಲ್ಲೇ ಬಾರಿಸಿ ಮಾಸ್ಟ್ರಿಗೆ ಫೋನಿನಲ್ಲಿ ಕೇಳಿಸಿದೆ. ಎಂಟು ಮನೆ ಉದ್ದಕ್ಕೆ ನಿಲ್ಲಬೇಕಾದ ಆ ಸ್ವರವನ್ನು ಕಂಪ್ಯೂಟರು ಮನೆಗೊಂದರಂತೆ ಎಂಟು ಸಲ ಹೊಡೆಯಿತು.

‘ಎಲ್ಲಿದ್ದೀಯ ಮಾರಾಯ?’ ಎಂದರು ಮಾಸ್ಟ್ರು. ‘ಚಾರ್ಮಾಡಿ ಘಾಟಿ ತಿರುವಿನಲ್ಲಾ?’

‘ಅಂಗಡೀಲಿ ಮಾಸ್ಟ್ರೇ. ಇದು ನಿಮ್ದೇ ಟ್ಯೂನು.’

‘ಬಸ್ಸಿನ ಹಾರನ್ ಅಂದ್ಕೊಂಡೆ.’

ಸ್ಲರ್ ತೆಗೆದು ಟೈ ಹಾಕಿದೆ. ಈಗ ಸ್ವರ ಒಂದಾಯಿತು, ಎಂಟು ಮನೆಯನ್ನೂ ದಾಟಿ ನಿಂತಿತು. ಟೈ ಹಾಕಿದರೆ ಇನ್ನೊಂದು ಅನುಕೂಲವೂ ಇದೆ. ಕಟ್ಟಿದ ಸ್ವರ ಅಡ್ಡಗೆರೆ ದಾಟುವಾಗ ತನ್ನ ಫ್ಲ್ಯಾಟನ್ನು ತಾನೇ ಹೊತ್ತುಕೊಂಡು ಹೋಗುತ್ತದೆ, ಮನೆಮನೆಗೂ ಹೊಸ ಫ್ಲ್ಯಾಟ್ ಬೇಕಿಲ್ಲ. ಮೊದಲ ಮನೆಯಲ್ಲಿ ಒಂದಿದ್ದರೆ ಸಾಕು. ಈ ನಿಯಮ ತಿಳಿದ ಮೇಲೆ ಹಾಜರಿ ಪುಸ್ತಕವನ್ನು ಮತ್ತೆ ನೋಡಿದೆ. ಮಾಸ್ಟ್ರು ನಾಲ್ಕನೇ ಮನೆಯಲ್ಲಿ ಒಂದು, ಆರನೇ ಮನೆಯಲ್ಲಿ ಒಂದು ಫ್ಲ್ಯಾಟನ್ನು ಸಣ್ಣದಾಗಿ ಮತ್ತೆ ಬರೆದಿದ್ದರು. ಎರಡೂ ಹೆಚ್ಚುವರಿ. ಗಡಿಬಿಡಿಯಲ್ಲಿ ಬರೆದಿದ್ದಾರೆಂದುಕೊಂಡೆ. ಎರಡನ್ನೂ ಅಳಿಸಿದೆ, ಮಾಸ್ಟ್ರಿಗೇ ಪಾಠ ಹೇಳಿದಷ್ಟು ಖುಷಿಯಾಯಿತು. ಪ್ರತಿ ಎರಡು ಪ್ರಿಂಟಾಗಿ ಅಂಚೆಯಲ್ಲಿ ಹೋದವು, ಮೂರನೆಯದನ್ನು ರುಬೀನಾ ಅಭ್ಯಾಸಕ್ಕೆ ಇಟ್ಟುಕೊಂಡಳು.

ವಾರ ಕಳೆದು ಅವಳು ಮತ್ತೆ ಅಂಗಡಿಗೆ ಬಂದಳು. ಮುಖ ಬಿಳಿಚಿಕೊಂಡಿತ್ತು, ತುಟಿ ಬಾತಿತ್ತು.

‘ಅಂಕಲ್, ಕಳ್ಸಿರೋ ಅರ್ಜಿ ವಾಪಸ್ ತಗೊಳ್ಳೋದು ಹೇಗೆ?’

‘ಯಾಕಮ್ಮ, ಏನಾಯ್ತು?’

‘ಆರನೇ ಮನೆ ದಾಟಕ್ಕೇ ಆಗ್ತಿಲ್ಲ. ಕಣ್ಣು ಕತ್ತಲೆ ಬರುತ್ತೆ. ನಿನ್ನೆ ಟೈರ್ ಮೇಲಿಂದ ಬಿದ್ದೆ. ಅಬ್ಬನ್ನ ಕೇಳಿದ್ರೆ ಅಭ್ಯಾಸ ಮಾಡು, ಬರುತ್ತೆ ಅಂತಾರೆ. ಅವ್ರ ಉಸಿರು ನಂಗೆ ಬಂದಿಲ್ಲ ಅಂಕಲ್. ಅಲ್ಲಿಗೆ ಹೋಗಿ ಅವ್ರ ಹೆಸ್ರು ಯಾಕೆ ಕೆಡಿಸ್ಲಿ?’

ಪರೀಕ್ಷೆಗೆ ಹತ್ತು ದಿನ ಉಳಿದಿತ್ತು. ಕ್ಲಾರಿನೆಟ್ ಬಿಟ್ಟರೆ ಅವಳಿಗಾಗಿ ಕಾದಿದ್ದದ್ದು ಅವಳ ಸೋದರತ್ತೆ ನೋಡಿಟ್ಟಿದ್ದ ಒಂದು ಸೊಸೈಟಿಯ ಗುಮಾಸ್ತೆ ಕೆಲಸ. ಅದನ್ನು ಮಾಡುವವರು ಬೇಕಾದಷ್ಟಿದ್ದಾರೆ, ಆದರೆ ಈ ಹುಡುಗಿಗೆ ಕ್ಲಾರಿನೆಟ್ ಬಿಟ್ಟು ಬೇರೆ ಯಾವುದರ ಮೇಲೂ ಮನಸ್ಸಿಲ್ಲ ಎಂಬುದು ನನಗೂ ಗೊತ್ತಿತ್ತು. ಏನಾದರೂ ಸಹಾಯ ಮಾಡಬೇಕೆನ್ನಿಸಿ, ಕಂಪ್ಯೂಟರಿನಲ್ಲಿ ವೇಗ ಸ್ವಲ್ಪ ಹೆಚ್ಚು ಮಾಡಿಕೊಡಲೇ ಎಂದು ಕೇಳಿದೆ.

‘ಬೇಗ ಬಾರಿಸಿದ್ರೆ ಅದು ಏರಿನ ಟ್ಯೂನ್ ಅಲ್ಲ ಅಂಕಲ್, ಇಳಿಜಾರಿಂದು.’

ಬೇರೇನೂ ತೋಚದೆ ಹಾಜರಿ ಪುಸ್ತಕ ತೆಗೆದು ಪ್ರಿಂಟಿನ ಪಕ್ಕ ಇಟ್ಟೆ. ಅವಳು ಎರಡರ ಮೇಲೂ ಬೆರಳಿಟ್ಟು ಮನೆಮನೆಯಾಗಿ ನೋಡುತ್ತಾ ಬಂದಳು. ನಾಲ್ಕರಲ್ಲಿ ಬೆರಳು ನಿಂತಿತು.

‘ಇಲ್ಲೊಂದು ಫ್ಲ್ಯಾಟಿದೆ. ಪ್ರಿಂಟಲ್ಲಿಲ್ಲ.’

‘ನಾನೇ ತೆಗ್ದೆ. ಹೆಚ್ಚಾಗಿತ್ತು.’

‘ಅಬ್ಬ ಹೆಚ್ಚಿಗೆ ಏನೂ ಬರಿಯಲ್ಲ ಅಂಕಲ್,’ ಎಂದಳು ರುಬೀನಾ. ‘ಜೀಪಿನ ನಂಬರನ್ನೇ ಪೂರ್ತಿ ಬರಿಯಲ್ಲ.’

ಅಂಗಡಿಯ ಶಟರ್ ಅರ್ಧ ಎಳೆದು ಇಬ್ಬರೂ ಗ್ಯಾರೇಜಿಗೆ ಹೋದೆವು. ಮಾಸ್ಟ್ರು ಒಂದು ಜೀಪಿನ ಅಡಿಯಲ್ಲಿದ್ದರು. ಕಾಣುತ್ತಿದ್ದದ್ದು ಎರಡು ಪಾದ ಮಾತ್ರ. ನಾನು ಆ ಪಾದಗಳ ಎದುರು ಕುಕ್ಕರುಗಾಲಿನಲ್ಲಿ ಕೂತು ವಿಷಯ ತಿಳಿಸಿದೆ. ಟೈ ಇರುವಲ್ಲಿ ಮತ್ತೆ ಫ್ಲ್ಯಾಟ್ ಬೇಕಿಲ್ಲವೆಂಬ ನಿಯಮವನ್ನೂ ವಿವರಿಸಿದೆ. ಸ್ಪ್ಯಾನರಿನ ಸದ್ದು ನಿಂತಿತು.

‘ಎಷ್ಟನೇ ಮನೇದು ತೆಗ್ದಿದ್ದು?’ ಎಂದು ಜೀಪಿನ ಅಡಿಯಿಂದ ಕೇಳಿದರು.

‘ನಾಲ್ಕು. ಆರು.’

ಪಾದಗಳು ಒಂದರ ಮೇಲೊಂದು ಕೂತವು, ಮತ್ತೆ ಬಿಡಿಸಿಕೊಂಡವು.

‘ಆರನೇದು ನಂದು,’ ಎಂದರು ಮಾಸ್ಟ್ರು. ‘ನಾಲ್ಕನೇದು ನಿಮ್ಮಪ್ಪಂದು.’

ನನಗೆ ಅರ್ಥವಾಗಲಿಲ್ಲ. ರುಬೀನಾಗೆ ಆಗಿರಬೇಕು, ಅವಳು ಅಲ್ಲೇ ಟೈರಿನ ಮೇಲೆ ಕೂತುಬಿಟ್ಟಳು.

‘ಮೂರು ಮನೆ ಆಗೋ ಹೊತ್ತಿಗೆ ನನ್ನ ಗಾಳಿ ಮುಗೀತಿತ್ತು ಶಂಕ್ರ,’ ಎಂದಿತು ಜೀಪಿನ ಅಡಿಯ ದನಿ. ‘ನಾಲ್ಕನೇ ಮನೇಲಿ ರುದ್ರಪ್ಪಣ್ಣ ಹಿಂದಿಂದ ಅದೇ ಸ್ವರ ಹಿಡ್ದು ಸೇರ್ಕೋತಿದ್ರು. ಸೇರಿದ್ದು ಒಬ್ರಿಗೂ ಗೊತ್ತಾಗ್ತಿರ್ಲಿಲ್ಲ, ಅಷ್ಟು ಮೆತ್ತಗೆ. ಅವ್ರು ಬಂದ್ರು ಅಂದ್ಮೇಲೆ ನಾನು ಬಿಡ್ತಿದ್ದೆ. ಬಾಯಿ ಹಾಗೇ ಇಟ್ಕೊಂಡು ಮೂಗಲ್ಲಿ ಉಸಿರು ತಗೋತಿದ್ದೆ. ಐದನೇ ಮನೆ ಪೂರ್ತಿ ಅವ್ರೊಬ್ರೇ. ಆರಕ್ಕೆ ನಾನು ಮತ್ತೆ ಬರ್ತಿದ್ದೆ, ಅವ್ರ ಉಸಿರು ಮುಗೀತು ಅಂದ್ರೆ ಅವ್ರು ಬಿಡ್ತಿದ್ರು. ಜನ ನನ್ನೇ ನೋಡ್ತಿದ್ರಲ್ಲ, ಹಿಂದೆ ಯಾರೂ ನೋಡ್ತಿರ್ಲಿಲ್ಲ.’

ಆ ಫ್ಲ್ಯಾಟುಗಳು ತಪ್ಪಲ್ಲ. ಹೊಸದಾಗಿ ಬಂದು ಸೇರುವವನಿಗೆ ಹಿಂದಿನ ಮನೆಯಿಂದ ಕಟ್ಟಿಕೊಂಡು ಬಂದ ಸ್ವರವಿರುವುದಿಲ್ಲ, ಆದ್ದರಿಂದ ಅವನ ಫ್ಲ್ಯಾಟನ್ನು ಅವನಿಗಾಗಿ ಬರೆಯಲೇಬೇಕು. ಇಬ್ಬರನ್ನೂ ಮಾಸ್ಟ್ರು ಒಂದೇ ಸಾಲಿನಲ್ಲಿ ಬರೆದಿದ್ದರಿಂದ ನಾನು ಒಬ್ಬರೆಂದುಕೊಂಡಿದ್ದೆ. ಎರಡು ಸಾಲಿನಲ್ಲಿ ಯಾಕೆ ಬರೆಯಲಿಲ್ಲವೆಂದು ಕೇಳಿದೆ.

‘ಬರೆದಿದ್ರೆ ಡ್ರಮ್ಮಿನೋರಿಗೆ ಗೊತ್ತಾಗ್ತಿತ್ತು,’ ಎಂದರು. ‘ಡ್ರಮ್ಮಿನೋರಿಗೆ ಗೊತ್ತಾದ್ರೆ ಕೊಟ್ಟಿಗೆಹಾರದವರೆಗೂ ಗೊತ್ತಾಗ್ತಿತ್ತು.’

ರುಬೀನಾ ಬಗ್ಗಿ ಜೀಪಿನ ಅಡಿಗೆ ನೋಡಿದಳು. ‘ಒಂದು ವಾರದಿಂದ ನಾನು ಸಾಯ್ತಾ ಇದ್ದೀನಿ ಅಬ್ಬಾ. ನಂಗ್ಯಾಕೆ ಹೇಳ್ಲಿಲ್ಲ?’

‘ಹೇಳೋಣ ಅಂತಿದ್ದೆ.’

‘ಯಾವಾಗ?’

‘ನೀನು ಬಿಟ್ಬಿಡ್ತೀನಿ ಅಂದಾಗ.’

‘ಬಿಟ್ಬಿಡ್ತೀನಿ.’

‘ಅದಕ್ಕೇ ಈಗ ಹೇಳ್ದೆ.’

ಮಾಸ್ಟ್ರು ಜೀಪಿನ ಅಡಿಯಿಂದ ಜಾರಿ ಹೊರಗೆ ಬಂದರು. ಎಪ್ಪತ್ತು ದಾಟಿದವರು ಇಷ್ಟು ನಿಧಾನವಾಗಿ ಎದ್ದು ನಿಲ್ಲುವುದು ಸಹಜ, ಆದರೆ ಮುಖ ಒರೆಸಿಕೊಳ್ಳಲು ತೆಗೆದುಕೊಂಡ ಹೊತ್ತು ಸಹಜದ್ದಲ್ಲ. ಒರೆಸಿದ್ದರಿಂದ ಗ್ರೀಸು ಇನ್ನಷ್ಟು ಹರಡಿತು. ಅಪ್ಪ ಯಾಕೆ ಯಾರಿಗೂ ಹೇಳಲಿಲ್ಲವೆಂದು ನಾನು ಕೇಳಿದೆ.

‘ನಾನೇ ಒಂದ್ಸಲ ಹೇಳಿಬಿಡೋಣ ಅಂದೆ. ಬೇಡ ಖಾದರ್, ನಂಗೆ ಅಂಗಡಿ ಇದೆ, ನಿಂಗೆ ಇದೊಂದೇ ಹೆಸ್ರು, ಇರ್ಲಿ ಅಂದ್ರು. ನಾನೂ ಸುಮ್ನಾದೆ. ಸುಮ್ನಾಗಬಾರದಿತ್ತು.’

ನನಗೆ ಆ ಹೊತ್ತಿಗೆ ಏನನ್ನಿಸಿತೆಂದರೆ, ನಾಚಿಕೆ. ಬೇರೆ ಶಬ್ದ ಹುಡುಕುವುದಿಲ್ಲ. ಊರವರು ಗೊತ್ತಿಲ್ಲದೆ ನಕ್ಕಿದ್ದರು, ಮಗನಾದ ನಾನು ಅವರ ಜೊತೆ ನಕ್ಕಿದ್ದೆ. ಆ ಮನುಷ್ಯ ಅಂಗಡಿಗೆ ಬಂದು, ಟೋಪಿ ಗೂಟಕ್ಕೆ ಹಾಕಿ, ನನಗೆ ಶೇಂಗಾ ಕೊಟ್ಟು ಏನೂ ಹೇಳದೆ ತಕ್ಕಡಿ ಒರೆಸುತ್ತಿದ್ದರು. ಅವರು ಇದ್ದರೆಂಬುದಕ್ಕೆ ಇಡೀ ಸಂಗೀತದಲ್ಲಿ ಉಳಿದಿದ್ದದ್ದು ಒಂದು ಫ್ಲ್ಯಾಟು. ಅದನ್ನು ನಾನು ಚೊಕ್ಕಟ ಮಾಡಿ ಅಂಚೆಗೆ ಹಾಕಿದ್ದೆ.

‘ಎರಡು ಸಾಲಲ್ಲಿ ಬರಿ,’ ಎಂದರು ಮಾಸ್ಟ್ರು. ‘ಮೇಲೆ ಇಬ್ರ ಹೆಸ್ರೂ ಹಾಕು.’

ಪ್ರಿಂಟಿಂಗಿನವನ ಬುದ್ಧಿ ಎಲ್ಲಿ ಹೋಗುತ್ತದೆ. ಯಾರ ಹೆಸರು ಮೊದಲು ಎಂದು ಕೇಳಿದೆ.

ಮಾಸ್ಟ್ರು ನೆಲದ ಮೇಲಿದ್ದ ಸ್ಪ್ಯಾನರನ್ನು ಎತ್ತಿಕೊಂಡರು. ‘ನಂದೇ ಮೊದ್ಲು ಹಾಕು,’ ಎಂದರು. ‘ಟ್ಯೂನ್ ಮಾಡಿದ್ದು ನಾನಲ್ವಾ.’

ಅಂಗಡಿಗೆ ಬಂದು ಅಪ್ಪನಿಗೊಂದು ಸಾಲು ಸೇರಿಸಿದೆ. ಮೊದಲ ಮೂರು ಮನೆಗೆ ಸುಮ್ಮನಿರುವ ಗುರುತು. ನಾಲ್ಕನೇ ಮನೆಯಲ್ಲಿ ಸ್ವರ ಇಟ್ಟೊಡನೆ ಅದರ ಮುಂದೆ ಫ್ಲ್ಯಾಟ್ ತಾನಾಗಿ ಬಂತು. ನಾನು ಹಾಕಲಿಲ್ಲ, ಸಾಫ್ಟ್‌ವೇರೇ ಹಾಕಿತು. ಅಲ್ಲಿಂದ ಐದಕ್ಕೆ, ಆರಕ್ಕೆ ಟೈ ಎಳೆದೆ. ಮೇಲಿನ ಸಾಲಿನಲ್ಲಿ ಐದನೇ ಮನೆಯನ್ನು ಖಾಲಿ ಬಿಟ್ಟೆ, ಆರನೇ ಮನೆಯಲ್ಲಿ ಮಾಸ್ಟ್ರ ಫ್ಲ್ಯಾಟೂ ತನ್ನಷ್ಟಕ್ಕೆ ಬಂದು ಕೂತಿತು. ಕೊನೆಗೆ ಸೌಜನ್ಯದ ಚೌಕಕ್ಕೂ ಟಿಕ್ ಹಾಕಿದೆ. ಕಾಗದ ಸ್ವಲ್ಪ ಗಿಜಿಗಿಜಿ ಎನ್ನಿಸಿತು, ಇರಲಿ ಎಂದು ಬಿಟ್ಟೆ.

ಆ ಹತ್ತು ದಿನ ರುಬೀನಾ ಮೇಲಿನ ಸಾಲು ಬಾರಿಸಿದಳು, ಕೆಳಗಿನ ಸಾಲನ್ನು ಗ್ಯಾರೇಜಿಗೆ ಒಯ್ದ ನನ್ನ ಲ್ಯಾಪ್‌ಟಾಪ್ ಬಾರಿಸಿತು. ಹೊಸ ಪ್ರತಿಗಳನ್ನು ಅವಳೇ ಕೈಯಲ್ಲಿ ಒಯ್ಯುವುದೆಂದಾಯಿತು. ಎರಡನೆಯ ಸಾಲನ್ನು ಅಲ್ಲಿ ಯಾರು ಬಾರಿಸುತ್ತಾರೆ ಎಂಬುದು ಮಾತ್ರ ತಿಳಿದಿರಲಿಲ್ಲ. ಯಾರೂ ಒಪ್ಪದಿದ್ದರೆ ಐದನೇ ಮನೆಯಲ್ಲಿ ಸುಮ್ಮನೆ ನಿಂತು ಉಸಿರು ತಗೋ ಎಂದು ಮಾಸ್ಟ್ರು ಮಗಳಿಗೆ ಹೇಳಿದರು, ಎಲ್ಲರಿಗೂ ಕಾಣುವ ಹಾಗೆ ತಗೋ ಎಂದರು.

ಪರೀಕ್ಷೆಯ ದಿನ ಅಪ್ಪ ಮಗಳು ಇಬ್ಬರೂ ಹೋದರು. ಮಾರನೆಯ ದಿನ ಮಾಸ್ಟ್ರು ನೇರ ನನ್ನ ಅಂಗಡಿಗೆ ಬಂದು ಜೆರಾಕ್ಸ್ ಮೆಷಿನ್ನಿನ ಪಕ್ಕದ ಸ್ಟೂಲಿನ ಮೇಲೆ ಕೂತರು.

‘ಅವ್ಳನ್ನ ಒಳಗೆ ಕರ್ದು ಬಾಗ್ಲು ಹಾಕಿದ್ರು. ನಾನು ಹೊರಗೆ ಬೆಂಚಲ್ಲಿದ್ದೆ. ಮೊದ್ಲಿಂದೆಲ್ಲ ಚೆನ್ನಾಗೇ ಬಾರಿಸಿದ್ಲು. ಉದ್ದ ಸ್ವರ ಹಿಡಿದ್ಲು. ನಾಲ್ಕನೇ ಮನೇಲಿ ಒಳಗೆ ಇನ್ನೊಂದು ಕ್ಲಾರಿನೆಟ್ ಬಂತು ಶಂಕ್ರ. ಅಲ್ಲಿ ಕೂತೋರಲ್ಲೇ ಯಾರೋ ಒಬ್ರು ಕಾಗದ ನೋಡಿ ಎತ್ಕೊಂಡ್ರಂತೆ. ನಾನು ಎದ್ದು ನಿಂತ್ಬಿಟ್ಟೆ. ಅಲ್ಲಿದ್ದ ಪ್ಯೂನು, ಯಾಕ್ರೀ ನಿಂತ್ರಿ ಅಂದ. ನಮ್ಮ ರುದ್ರಪ್ಪಣ್ಣ ಬಂದ್ರು ಅಂದೆ. ಅವ್ನು ಗೇಟಿನ ಕಡೆ ನೋಡ್ದ.’

ನಾನು ಪ್ರಿಂಟರಿನ ಕಡೆ ತಿರುಗಿ ಅದರ ಕಾಗದ ಸರಿ ಮಾಡಿದೆ. ಕಾಗದ ಸರಿಯಾಗಿಯೇ ಇತ್ತು.

ಮೂರು ವಾರ ಬಿಟ್ಟು ಉತ್ತರ ಬಂತು. ರುಬೀನಾ ಹೋಗಿ ಸೇರಿದಳು. ಮೊದಲ ದಿನ ಅವಳು ಫೋನ್ ಮಾಡಿದಾಗ ನಾನು ಗ್ಯಾರೇಜಿನಲ್ಲೇ ಇದ್ದೆ, ಮಾಸ್ಟ್ರು ಕೈಗೆ ಗ್ರೀಸಾಗಿದೆಯೆಂದು ಸ್ಪೀಕರಿನಲ್ಲಿ ಹಾಕಿಸಿದರು.

‘ಅಬ್ಬಾ, ಜಾಗ ಕೊಟ್ರು,’ ಎಂದಳು. ದನಿ ಸ್ವಲ್ಪ ಅಳುಕಿದಂತಿತ್ತು. ‘ಎರಡನೇ ಕ್ಲಾರಿನೆಟ್ಟಂತೆ.’

ನಲವತ್ತು ವರ್ಷ ಮೊದಲನೆಯವರಾಗಿ ನಡೆದವರು ಏನು ಹೇಳುತ್ತಾರೋ ಎಂದು ನಾನು ಅವರ ಮುಖ ನೋಡಿದೆ. ಮಾಸ್ಟ್ರು ಫೋನಿನ ಹತ್ತಿರಕ್ಕೆ ಬಗ್ಗಿದರು.

‘ಮೊದಲನೆಯವ್ರು ಯಾರು ಅಂತ ಹೋಗಿ ಮಾತಾಡ್ಸು,’ ಎಂದರು. ‘ಎಷ್ಟನೇ ಮನೇಗೆ ಅವ್ರ ಉಸಿರು ಮುಗಿಯುತ್ತೆ ಅಂತ ತಿಳ್ಕೋ. ಕೇಳ್ಬೇಡ. ಹಿಂದೆ ನಿಂತು ನೋಡ್ಕೊ.’